ಹಗುರ ಮ್ಯಾಗ್ನಮ್ ರೈಫಲ್‌ನ ಒದೆತ ಪಳಗಿಸುವುದು ಹೇಗೆ: ಎಲ್ಕ್ ಬೇಟೆಗೆ ಮುಂಚಿನ ತಯಾರಿ

ಅಂಗಡಿಯಲ್ಲಿ ಐದೂವರೆ ಪೌಂಡಿನ .300 ವಿಂಚೆಸ್ಟರ್ ಮ್ಯಾಗ್ನಮ್ (ಹೆಚ್ಚು ಬಲದ ತೋಟಾದ) ರೈಫಲ್ ಎತ್ತಿ ಹಿಡಿದರೆ ಕೆಳಗಿಡಲು ಮನಸ್ಸೇ ಬರುವುದಿಲ್ಲ. ಅಮೆರಿಕದ ಕೊಲರಾಡೊದ ಬೆಟ್ಟಗಳಲ್ಲಿ, 10 ಸಾವಿರ ಅಡಿ ಎತ್ತರದಲ್ಲಿ, ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಹುಡುಕುತ್ತಾ ದಿನವಿಡೀ ಹತ್ತಿ ಇಳಿಯುವವರಿಗೆ ಭುಜದ ಮೇಲಿನ ಎರಡು ಮೂರು ಪೌಂಡ್ ಕಡಿಮೆಯಾದರೆ ಅದು ದೊಡ್ಡ ಉಪಕಾರ. ಆದರೆ ಹಾಗೆ ಉಳಿಸಿದ ತೂಕದ ಬೆಲೆಯನ್ನು ಟ್ರಿಗರ್ ಎಳೆದಾಗ ಭುಜವೇ ಕೊಡಬೇಕು. ನೋವು ಒಂದು ದಿನದಲ್ಲಿ ಹೋಗುತ್ತದೆ. ನೋವಿನಿಂದ ಹುಟ್ಟಿದ ಭಯ ಹೋಗುವುದಿಲ್ಲ. ಅದು ಬೆರಳಿಗೆ ಇಳಿಯುತ್ತದೆ. ಗುಂಡು ಹಾರುವ ಮುಂಚೆಯೇ ಕಣ್ಣು ಮುಚ್ಚಿಹೋಗುತ್ತದೆ, ಭುಜ ಮುಂದಕ್ಕೆ ತಳ್ಳುತ್ತದೆ, ನಳಿಗೆ ಕೆಳಗೆ ಬಾಗುತ್ತದೆ. ಗಾಯಗೊಂಡ ಎಲ್ಕ್ ಕಾಡೊಳಗೆ ಹೋಗಿ ನರಳುವುದು ಎಷ್ಟೋ ಸಲ ಇಂಥ ಗುಂಡಿನಿಂದಲೇ.

ಆದ್ದರಿಂದ ಈ ಬರಹದಲ್ಲಿ ಹೇಳುವ ಪ್ರತಿಯೊಂದು ಕೆಲಸದ ಗುರಿ ಒಂದೇ. ಆ ಭಯ ಮೈಯಲ್ಲಿ ಮನೆ ಮಾಡಲು ಬಿಡಬಾರದು. ರೈಫಲ್ ಚೆನ್ನಾಗಿ ಹೊಂದಿಸಿಕೊಂಡು, ಕಡಿಮೆ ಗುಂಡು ಹೊಡೆದು, ಹೊಡೆದ ಪ್ರತಿ ಗುಂಡನ್ನೂ ಸರಿಯಾಗಿ ಹೊಡೆಯುವ ದಾರಿ ಇದು. ಮೂರು ನಾಲ್ಕು ತಿಂಗಳು ಮುಂಚೆ ಶುರು ಮಾಡಿದರೆ ಆರಾಮಾಗಿ ಮುಗಿಯುತ್ತದೆ. ಕೊನೆಯ ವಾರದಲ್ಲಿ ಶುರು ಮಾಡಿದರೆ ಆಗುವುದಿಲ್ಲ.

ಯಾಕೆ ಇಷ್ಟು ಒದೆಯುತ್ತದೆ

ಲೆಕ್ಕ ಸರಳ. ಗುಂಡು ಮತ್ತು ಮದ್ದಿನ ಹೊಗೆ ಎಷ್ಟು ರಭಸದಲ್ಲಿ ಮುಂದೆ ಹೋಗುತ್ತವೋ, ಅದಕ್ಕೆ ಸರಿಸಮನಾದ ತಳ್ಳು ಹಿಂದಕ್ಕೆ ಬರುತ್ತದೆ. ರೈಫಲ್ ಹಗುರವಾದಷ್ಟೂ ಅದು ಜಾಸ್ತಿ ವೇಗದಲ್ಲಿ ಹಿಂದೆ ಬರುತ್ತದೆ.

.300 ವಿಂಚೆಸ್ಟರ್ ಮ್ಯಾಗ್ನಮ್ 1963ರಲ್ಲಿ ಬಂದ ತೋಟಾ. ಅದರ 180 ಗ್ರೇನ್ (ತೂಕದ ಪುಟ್ಟ ಅಳತೆ) ಗುಂಡು ಸೆಕೆಂಡಿಗೆ ಸುಮಾರು 2,960 ಅಡಿ ವೇಗದಲ್ಲಿ ಹೊರಡುತ್ತದೆ, ಒಳಗೆ 70 ಗ್ರೇನ್ ಆಸುಪಾಸು ಮದ್ದು ಇರುತ್ತದೆ. ಇದನ್ನು ಸ್ಕೋಪ್ (ಗುರಿ ನೋಡುವ ದುರ್ಬೀನು) ಸೇರಿ 9 ಪೌಂಡ್ ತೂಗುವ ರೈಫಲ್‌ನಲ್ಲಿ ಹೊಡೆದರೆ ಒದೆತ ಸುಮಾರು 29 ಫುಟ್-ಪೌಂಡ್ (ಶಕ್ತಿಯ ಅಳತೆ). ಅದೇ ತೋಟಾವನ್ನು ಸ್ಕೋಪ್ ಸೇರಿ ಆರೂವರೆ ಪೌಂಡ್ ತೂಗುವ ರೈಫಲ್‌ನಲ್ಲಿ ಹೊಡೆದರೆ ಸುಮಾರು 40. ಹೋಲಿಕೆಗೆ ಹೇಳುವುದಾದರೆ, 8 ಪೌಂಡಿನ ಸಾಧಾರಣ .308 ರೈಫಲ್‌ನಲ್ಲಿ 150 ಗ್ರೇನ್ ಗುಂಡು ಹೊಡೆದಾಗ ಬರುವುದು 16-17 ಫುಟ್-ಪೌಂಡ್ ಅಷ್ಟೇ. ಅಂದರೆ ಎರಡು ಪಟ್ಟಿಗಿಂತ ಜಾಸ್ತಿ.

ಇನ್ನೊಂದು ಸಂಖ್ಯೆಯನ್ನು ಜನ ಗಮನಿಸುವುದಿಲ್ಲ. ಅದು ಒದೆತದ ವೇಗ. ಭಾರದ ರೈಫಲ್ ಸೆಕೆಂಡಿಗೆ ಸುಮಾರು 14 ಅಡಿ ವೇಗದಲ್ಲಿ ಹಿಂದೆ ಬಂದರೆ ಹಗುರದ್ದು 20 ಅಡಿ ವೇಗದಲ್ಲಿ ಬರುತ್ತದೆ. ಮೊದಲನೆಯದು ತಳ್ಳಿದ ಹಾಗೆ ಅನಿಸುತ್ತದೆ, ಎರಡನೆಯದು ಗುದ್ದಿದ ಹಾಗೆ. ಮೈಗೆ ಹೆದರಿಕೆ ಹುಟ್ಟಿಸುವುದು ಈ ಗುದ್ದು.

ಕೊಡಗಿನಲ್ಲಿ ಜೋಡುನಳಿಗೆ ಕೋವಿ ನೋಡುತ್ತಾ, ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವರಿಗೆ ಒದೆತ ಹೊಸದಲ್ಲ. ಅವರಿಗೆ ಭುಜದಲ್ಲಿ ಕೋವಿ ಕೂರಿಸುವ ಅಭ್ಯಾಸ ಚೆನ್ನಾಗಿರುತ್ತದೆ. ಆದರೆ ಆ ಕೋವಿಯನ್ನು ನಿಂತು ಹೊಡೆಯುವುದು, ಮೈ ಒದೆತದ ಜೊತೆ ಹಿಂದೆ ಸರಿಯುತ್ತದೆ, ಕಣ್ಣಿನ ಮುಂದೆ ಏನೂ ಇರುವುದಿಲ್ಲ. ಈ ರೈಫಲ್‌ನಲ್ಲಿ ಕಣ್ಣಿನ ಮುಂದೆ ಮೂರೂವರೆ ಇಂಚಿನಲ್ಲಿ ಸ್ಕೋಪ್‌ನ ಲೋಹದ ಅಂಚು ಇರುತ್ತದೆ. ಇಲ್ಲಿ ಹೊಸದಾಗಿ ಕಲಿಯಬೇಕಾದ್ದು ಇದೆ.

ಮೊದಲು ಕಾಗದಪತ್ರ, ಆಮೇಲೆ ಕೋವಿ

ಇಲ್ಲಿ ಹೇಳುತ್ತಿರುವುದೆಲ್ಲ ಅಮೆರಿಕದಲ್ಲಿ ಕಾನೂನುಬದ್ಧವಾಗಿ ಬೇಟೆಯಾಡುವವರಿಗೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿ ಬೇಟೆ ಅಪರಾಧ, ಅದರ ಬಗ್ಗೆ ಎರಡು ಮಾತಿಲ್ಲ.

ಅಮೆರಿಕದಲ್ಲಿರುವ ಕನ್ನಡಿಗರು ಒಂದು ವಿಷಯ ಖಂಡಿತ ತಿಳಿದಿರಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಕೇಂದ್ರ ಕಾನೂನಿನಲ್ಲಿ ವೀಸಾ ಕಾರಣದ ಅಡ್ಡಿ ಇಲ್ಲ. ಎಚ್-1ಬಿ ತರಹದ ತಾತ್ಕಾಲಿಕ ವೀಸಾದಲ್ಲಿ ಇರುವವರಿಗೆ ಬಂದೂಕು ಮಾತ್ರವಲ್ಲ, ತೋಟಾ ಇಟ್ಟುಕೊಳ್ಳುವುದಕ್ಕೂ ಸಾಮಾನ್ಯವಾಗಿ ನಿಷೇಧ ಇದೆ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ಮಾತ್ರ ವಿನಾಯಿತಿ. ಗೆಳೆಯನ ರೈಫಲ್ ಅಲ್ವಾ ಅಂತ ಸುಮ್ನೆ ರೇಂಜ್‌ಗೆ (ಗುರಿ ಅಭ್ಯಾಸದ ಮೈದಾನಕ್ಕೆ) ಹೋಗಿ ಕೈಗೆತ್ತಿಕೊಳ್ಳಬೇಡಿ. ಮೊದಲು ವಕೀಲರನ್ನು ಕೇಳಿ, ನಿಮ್ಮ ರಾಜ್ಯದ ಕಾನೂನನ್ನೂ ನೋಡಿ.

ಕೊಲರಾಡೊದಲ್ಲಿ 1949ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರೆಲ್ಲ ಬೇಟೆ ಸುರಕ್ಷತೆಯ ತರಬೇತಿ ಮುಗಿಸಿರಬೇಕು. ರೈಫಲ್ ಸೀಸನ್‌ನಲ್ಲಿ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ 500 ಚದರ ಇಂಚು ಕಾಣುವಂತೆ ಹಾಕಿರಬೇಕು, ತಲೆಯ ಮೇಲೂ ಅದೇ ಬಣ್ಣ ಇರಬೇಕು. ತರಬೇತಿಗೆ ಹೋದಾಗ ಕಲಿಸುವ ನಾಲ್ಕು ಮಾತುಗಳನ್ನು ಇಲ್ಲಿ ಮತ್ತೆ ಹೇಳುತ್ತೇನೆ, ಯಾಕೆಂದರೆ ಕೆಳಗಿನ ಯಾವ ಕೆಲಸವೂ ಇವನ್ನು ಬಿಟ್ಟು ನಡೆಯುವುದಿಲ್ಲ. ಪ್ರತಿ ಬಂದೂಕೂ ತುಂಬಿದೆ ಅಂತಲೇ ತಿಳಿಯಿರಿ. ಹೊಡೆಯಬಾರದ ಕಡೆಗೆ ನಳಿಗೆ ತಿರುಗಿಸಬೇಡಿ. ಗುರಿ ಇಡುವ ತನಕ ಬೆರಳು ಟ್ರಿಗರ್ ಮೇಲೆ ಬೇಡ. ಗುರಿ ಯಾವುದು, ಅದರ ಹಿಂದೆ ಏನಿದೆ ಅಂತ ಖಚಿತವಾಗಿ ನೋಡಿ.

ಸ್ಟಾಕ್ ನಿಮ್ಮ ಮೈಗೆ ಹೊಂದಬೇಕು

ಒದೆತ ಕಡಿಮೆ ಮಾಡುವುದಕ್ಕೆ ಜನ ಮೊದಲು ದುಡ್ಡು ಹಾಕುವುದು ನಳಿಗೆಯ ತುದಿಗೆ. ಹಾಕಬೇಕಾದ್ದು ಇನ್ನೊಂದು ತುದಿಗೆ, ನಿಮ್ಮ ಭುಜ ಮುಟ್ಟುವ ಕಡೆಗೆ, ಅಂದರೆ ಸ್ಟಾಕ್‌ಗೆ.

ಬೋಲ್ಟ್ (ತೋಟಾವನ್ನು ಒಳಗೆ ತಳ್ಳುವ, ಹಿಂದೆ ಮುಂದೆ ಸರಿಯುವ ಭಾಗ) ತೆಗೆದಿಡಿ. ಚೇಂಬರ್ (ತೋಟಾ ಕೂರುವ ಗೂಡು) ಖಾಲಿ ಅಂತ ಕಣ್ಣಿಂದ ನೋಡಿ, ಬೆರಳು ಹಾಕಿಯೂ ನೋಡಿ. ಆಮೇಲೆ ಬೇಟೆಗೆ ಹಾಕುವ ದಪ್ಪ ಜಾಕೆಟ್ ಹಾಕಿಕೊಂಡು ರೈಫಲ್ ಭುಜಕ್ಕೆ ಏರಿಸಿ. ಟಿ-ಶರ್ಟ್‌ನಲ್ಲಿ ಅಳತೆ ನೋಡುವುದು ದಂಡ, ಅಕ್ಟೋಬರ್ ನವೆಂಬರ್‌ನಲ್ಲಿ ನೀವು ಆ ಬೆಟ್ಟದಲ್ಲಿ ಟಿ-ಶರ್ಟ್ ಹಾಕಿರುವುದಿಲ್ಲ.

ಟ್ರಿಗರ್‌ನಿಂದ ಸ್ಟಾಕ್‌ನ ಹಿಂಬದಿಯವರೆಗಿನ ಉದ್ದ ಬಹುಪಾಲು ರೈಫಲ್‌ಗಳಲ್ಲಿ ಹದಿಮೂರೂವರೆ ಇಂಚಿನ ಆಸುಪಾಸು ಇರುತ್ತದೆ. ಅದನ್ನು ಸರಾಸರಿ ಅಮೆರಿಕನ್ ಗಂಡಸಿಗೆ ಅಂತ ಮಾಡಿದ್ದು. ಐದಡಿ ನಾಲ್ಕು ಇಂಚಿನವರಿಗೆ, ಅದರಲ್ಲೂ ದಪ್ಪ ಜಾಕೆಟ್ ಮೇಲೆ, ಇದು ಉದ್ದ ಆಗುತ್ತದೆ. ಉದ್ದ ಜಾಸ್ತಿಯಾದರೆ ಹಿಂಬದಿ ಭುಜದ ಗುಳಿಯಲ್ಲಿ ಕೂರುವುದಿಲ್ಲ, ಹೊರಗೆ ಜಾರಿ ತೋಳಿನ ಮೇಲೆ ಕೂರುತ್ತದೆ. ನೀಲಿಗಟ್ಟುವ ಗಾಯ ಆಗುವುದು ಅಲ್ಲೇ. ತೀರಾ ಗಿಡ್ಡವಾದರೆ ಹೆಬ್ಬೆರಳಿನ ಗೆಣ್ಣು ಮೂಗಿಗೆ, ಸ್ಕೋಪ್ ಹುಬ್ಬಿಗೆ ಬಡಿಯುತ್ತದೆ. ರೈಫಲ್ ಏರಿಸಿದಾಗ ಹೆಬ್ಬೆರಳಿಗೂ ಮೂಗಿಗೂ ನಡುವೆ ಎರಡು ಬೆರಳಿನಷ್ಟಾದರೂ ಜಾಗ ಇರಲಿ.

ಈಗ ಕಣ್ಣು ಮುಚ್ಚಿ. ರೈಫಲ್ ಏರಿಸಿ, ಕೆನ್ನೆ ಆರಾಮಾಗಿ ಕೂರಿಸಿ, ಆಮೇಲೆ ಕಣ್ಣು ತೆರೆಯಿರಿ. ಸ್ಕೋಪ್ ತುಂಬಾ ಚಿತ್ರ ಕಾಣಬೇಕು. ಕೆನ್ನೆ ಎತ್ತಿ ಹುಡುಕಬೇಕಾಗಿ ಬಂದರೆ ಸ್ಟಾಕ್‌ನ ಮೇಲಂಚು ತಗ್ಗಾಗಿದೆ ಅಂತ ಅರ್ಥ. ಕೆನ್ನೆ ಎತ್ತಿ ಹೊಡೆದರೆ ಸ್ಟಾಕ್ ಮೇಲಕ್ಕೆ ಬಂದು ದವಡೆಗೆ ಗುದ್ದುತ್ತದೆ. ಪಟ್ಟಿ ಕಟ್ಟುವ ಕೆನ್ನೆ ದಿಂಬು ಸಿಗುತ್ತದೆ, ಅಥವಾ ಸ್ಕೋಪ್ ಇನ್ನೂ ತಗ್ಗು ರಿಂಗ್‌ನಲ್ಲಿ (ಸ್ಕೋಪ್ ಹಿಡಿದಿಡುವ ಬಳೆಯಲ್ಲಿ) ಕೂರಿಸಬಹುದು.

ಹಿಂಬದಿಯ ರಬ್ಬರ್ ಪ್ಯಾಡ್ ಒತ್ತಿ ನೋಡಿ. ಹೆಬ್ಬೆರಳಿನಿಂದ ಜೋರಾಗಿ ಒತ್ತಿದರೂ ಬಗ್ಗದಿದ್ದರೆ ಅದನ್ನು ಬದಲಿಸಿ. ಲಿಂಬ್‌ಸೇವರ್, ಪ್ಯಾಕ್‌ಮೇರ್ ಡಿಸೆಲೆರೇಟರ್, ಕಿಕ್-ಈಜ್ ಅಂತ ಒಳ್ಳೆಯ ಪ್ಯಾಡ್‌ಗಳಿವೆ, ಒಂದು ಇಂಚು ದಪ್ಪದ್ದು ಸಾಕು. ಪ್ಯಾಡ್ ದಪ್ಪವಾದಷ್ಟೂ ಉದ್ದವೂ ಜಾಸ್ತಿ ಆಗುತ್ತದೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಿರಿ, ಬೇಕಾದರೆ ಗನ್‌ಸ್ಮಿತ್ ಹತ್ತಿರ ಸ್ಟಾಕ್ ಅಷ್ಟು ಕತ್ತರಿಸಿಸಿ. ಇಡೀ ತಯಾರಿಯಲ್ಲಿ ಕಡಿಮೆ ಖರ್ಚಿಗೆ ಹೆಚ್ಚು ಲಾಭ ಕೊಡುವುದು ಇದೇ ಅಂತ ನನ್ನ ಗಟ್ಟಿ ಅಭಿಪ್ರಾಯ.

ಸ್ಕೋಪ್ ಕೂರಿಸುವುದು

ಹಗುರ ಮ್ಯಾಗ್ನಮ್‌ಗೆ ಸ್ಕೋಪ್ ಆರಿಸುವಾಗ ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅನ್ನುವುದಕ್ಕಿಂತ ಮುಂಚೆ ಕಣ್ಣಿಗೂ ಸ್ಕೋಪ್‌ಗೂ ಎಷ್ಟು ದೂರ ಬಿಡುತ್ತದೆ ಅಂತ ನೋಡಿ. ಮೂರೂವರೆ ಇಂಚಿಗಿಂತ ಕಡಿಮೆ ಇದ್ದರೆ ಬೇಡ, ನಾಲ್ಕು ಇಂಚಿದ್ದರೆ ಒಳ್ಳೆಯದು. ಜೂಮ್ ಮಾಡಿದಷ್ಟೂ ಈ ದೂರ ಸಾಮಾನ್ಯವಾಗಿ ಕಡಿಮೆ ಆಗುತ್ತಾ ಹೋಗುತ್ತದೆ, ಆದ್ದರಿಂದ ಪೂರ್ತಿ ಜೂಮ್‌ನಲ್ಲಿಟ್ಟು ಅಳೆಯಿರಿ. ತೂಕದಲ್ಲೂ ಹಗುರದ್ದೇ ಇರಲಿ. ಭಾರದ ಸ್ಕೋಪ್ ಪ್ರತಿ ಒದೆತಕ್ಕೂ ಮುಂದೆ ಜಾರಲು ನೋಡುತ್ತದೆ, ರಿಂಗ್‌ನ ಪುಟ್ಟ ಸ್ಕ್ರೂಗಳೇ ಅದನ್ನು ತಡೆಯಬೇಕು.

ಬೇಸ್ (ರಿಂಗ್‌ಗಳು ಕೂರುವ ಲೋಹದ ಪಟ್ಟಿ) ಕೂರಿಸುವ ಮುಂಚೆ ಸ್ಕ್ರೂ ಮತ್ತು ತೂತುಗಳಲ್ಲಿರುವ ಎಣ್ಣೆಯನ್ನು ಪೂರ್ತಿ ಒರೆಸಿ. ಬೇಸ್ ಸ್ಕ್ರೂಗಳಿಗೆ ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಸಾಕು. ಕೆಂಪು ಬೇಡ, ಮುಂದೆ ಬಿಚ್ಚಲು ಆಗುವುದಿಲ್ಲ. ರಿಂಗ್‌ನ ಮೇಲಿನ ಸ್ಕ್ರೂಗಳನ್ನು 15ರಿಂದ 20 ಇಂಚ್-ಪೌಂಡ್ ನಡುವೆ, ತಯಾರಕರು ಹೇಳಿದಷ್ಟೇ ಬಿಗಿ ಮಾಡಿ. ಅಂದಾಜಿನ ಮೇಲೆ ಬಿಗಿ ಮಾಡುವುದು ಬೇಡ, ಬಿಗಿ ಅಳೆದು ತಿರುಗಿಸುವ ಟಾರ್ಕ್ ಡ್ರೈವರ್ ಒಂದು ಕೊಂಡುಕೊಳ್ಳಿ. ತೀರಾ ಬಿಗಿ ಮಾಡಿದರೆ ಸ್ಕೋಪ್‌ನ ಕೊಳವೆ ನೆಗ್ಗುತ್ತದೆ, ಸಡಿಲ ಬಿಟ್ಟರೆ ಸ್ಕೋಪ್ ಜಾರುತ್ತದೆ. ಸ್ಟಾಕ್‌ಗೆ ಆ್ಯಕ್ಷನ್ (ಬೋಲ್ಟ್ ಕೂರುವ ಲೋಹದ ನಡುಭಾಗ) ಹಿಡಿದಿರುವ ಸ್ಕ್ರೂಗಳನ್ನೂ ಇದೇ ಹೊತ್ತಿಗೆ ನೋಡಿ, ಅದರ ಅಳತೆ ರೈಫಲ್ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ.

ಸ್ಕೋಪ್ ಹಿಂದೆ ಮುಂದೆ ಎಲ್ಲಿ ಕೂರಬೇಕು ಅನ್ನುವುದನ್ನು ಕುರ್ಚಿಯಲ್ಲಿ ಕೂತು ತೀರ್ಮಾನ ಮಾಡಬೇಡಿ. ನೆಲದ ಮೇಲೆ ಬೋರಲಾಗಿ ಮಲಗಿ, ಮೇಲ್ಗಡೆಗೆ ಗುರಿಯಿಟ್ಟು ನೋಡಿ. ಬೆಟ್ಟದ ಇಳಿಜಾರಿನಲ್ಲಿ ಮೇಲಿರುವ ಎಲ್ಕ್‌ಗೆ ಗುರಿ ಇಡುವಾಗ ತಲೆ ತಾನಾಗಿ ಮುಂದೆ ಹೋಗುತ್ತದೆ. ಹುಬ್ಬಿನ ಮೇಲೆ ಅರ್ಧಚಂದ್ರದ ಹಾಗೆ ಗಾಯ ಆಗುವುದು ಈ ಭಂಗಿಯಲ್ಲೇ. ಮಲಗಿದಾಗ ಸಾಕಷ್ಟು ಜಾಗ ಉಳಿದರೆ ಬೇರೆ ಎಲ್ಲ ಭಂಗಿಯಲ್ಲೂ ಉಳಿಯುತ್ತದೆ.

ಬ್ರೇಕ್ ಹಾಕಿಸಬೇಕಾ?

ನಳಿಗೆಯ ತುದಿಗೆ ಹಾಕುವ ಮಜಲ್ ಬ್ರೇಕ್ ಹೊಗೆಯನ್ನು ಪಕ್ಕಕ್ಕೆ ತಿರುಗಿಸುತ್ತದೆ. ಒದೆತ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ, ಅದರಲ್ಲಿ ಸಂಶಯ ಇಲ್ಲ. ಆದರೆ ಸದ್ದು ನಿಮ್ಮ ಕಡೆಗೇ ತಿರುಗುತ್ತದೆ. ಇಂಥ ರೈಫಲ್‌ನ ಸದ್ದು ಬ್ರೇಕ್ ಇಲ್ಲದೆಯೇ 160 ಡೆಸಿಬೆಲ್ ದಾಟುತ್ತದೆ, ಕಿವಿಗೆ ಶಾಶ್ವತ ಹಾನಿ ಶುರುವಾಗುವುದು 140ರಲ್ಲಿ. ಬೇಟೆಯ ಬಿಸಿಯಲ್ಲಿ ಕಿವಿಗೆ ಏನೂ ಹಾಕದೆ ಒಂದೇ ಒಂದು ಗುಂಡು ಹೊಡೆದರೂ ಕಿವಿ ಹೋಗಬಹುದು, ಪಕ್ಕದಲ್ಲಿ ನಿಂತ ಗೈಡ್‌ನ ಕಿವಿಯೂ ಸೇರಿ. ಬ್ರೇಕ್ ಇರುವ ರೈಫಲ್ ತರಬೇಡಿ ಅನ್ನುವ ಗೈಡ್‌ಗಳು ಇದ್ದಾರೆ, ಅವರ ಮಾತು ನ್ಯಾಯವಾದದ್ದು.

ಬಿಚ್ಚಿ ಹಾಕುವಂಥ ಬ್ರೇಕ್ ಇದ್ದರೆ ರೇಂಜ್‌ನಲ್ಲಿ ಹಾಕಿ, ಬೆಟ್ಟಕ್ಕೆ ಹೋಗುವಾಗ ತೆಗೆಯೋಣ ಅನಿಸುತ್ತದೆ. ಹಾಗೆ ಮಾಡುವುದಾದರೆ ತೆಗೆದ ಮೇಲೆ ಗುಂಡು ಎಲ್ಲಿ ಬೀಳುತ್ತದೆ ಅಂತ ಮತ್ತೆ ಹೊಡೆದು ನೋಡಲೇಬೇಕು. ತೆಳು ನಳಿಗೆಯ ತುದಿಯ ತೂಕ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಸಪ್ರೆಸರ್ (ನಳಿಗೆಯ ತುದಿಗೆ ಹಾಕುವ, ಸದ್ದು ತಗ್ಗಿಸುವ ಕೊಳವೆ) ಇನ್ನೂ ಒಳ್ಳೆಯ ಉತ್ತರ. ಸದ್ದೂ ಇಳಿಯುತ್ತದೆ, ಒದೆತವೂ ಇಳಿಯುತ್ತದೆ. ಆದರೆ 1934ರ ಕಾನೂನಿನ ಪ್ರಕಾರ ನೋಂದಣಿ ಬೇಕು, ಕ್ಯಾಲಿಫೋರ್ನಿಯಾ ತರಹದ ಕೆಲವು ರಾಜ್ಯಗಳಲ್ಲಿ ಬಿಡುವುದೇ ಇಲ್ಲ.

ನನ್ನ ಸಲಹೆ ಇಷ್ಟೇ. ಸ್ಟಾಕ್, ಪ್ಯಾಡ್, ಭಂಗಿ ಮೂರನ್ನೂ ಸರಿ ಮಾಡಿಕೊಳ್ಳಿ. ಆಮೇಲೂ ಆಗದಿದ್ದರೆ ಬ್ರೇಕ್ ಬಗ್ಗೆ ಯೋಚಿಸಿ.

ಯಾವ ತೋಟಾ

ಕೊಲರಾಡೊದಲ್ಲಿ ಎಲ್ಕ್‌ಗೆ ಕನಿಷ್ಠ .24 ಕ್ಯಾಲಿಬರ್ (ಇಂಚಿನಲ್ಲಿ ಗುಂಡಿನ ಅಗಲ), 85 ಗ್ರೇನ್ ಗುಂಡು, 100 ಗಜದಲ್ಲಿ 1,000 ಫುಟ್-ಪೌಂಡ್ ಶಕ್ತಿ ಇರಬೇಕು ಅಂತ ನಿಯಮ. .300 ಮ್ಯಾಗ್ನಮ್ ಇದನ್ನು ಎಷ್ಟೋ ಪಟ್ಟು ಮೀರಿಸುತ್ತದೆ. ಅಂದರೆ ಇರುವುದರಲ್ಲೇ ಅತಿ ಭಾರದ, ಅತಿ ವೇಗದ ತೋಟಾ ಹುಡುಕುವ ಅಗತ್ಯ ಇಲ್ಲ.

165 ಅಥವಾ 180 ಗ್ರೇನ್‌ನ ಗಟ್ಟಿ ಗುಂಡು ಸಾಕು. ನಾಸ್ಲರ್ ಪಾರ್ಟಿಷನ್, ಅಕ್ಯುಬಾಂಡ್, ತಾಮ್ರದ ಬಾರ್ನ್ಸ್ ಟಿಟಿಎಸ್ಎಕ್ಸ್ ತರಹದವು ಮೂಳೆಗೆ ತಾಗಿದರೂ ಚೂರಾಗದೆ ಒಳಗೆ ಹೋಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ನಿಷಿದ್ಧ, ಆದ್ದರಿಂದ ಬೇ ಏರಿಯಾದವರು ತಮ್ಮ ರಾಜ್ಯದಲ್ಲೂ ಬೇಟೆ ಆಡುವುದಾದರೆ ತಾಮ್ರದ್ದಕ್ಕೇ ರೈಫಲ್ ಹೊಂದಿಸಿಕೊಳ್ಳುವುದು ಮೇಲು. ಗುಂಡು ಹಗುರ ಮಾಡಿದರೆ ಒದೆತ ಅರ್ಧಕ್ಕೆ ಇಳಿಯುತ್ತದೆ ಅನ್ನುವ ನಂಬಿಕೆ ಬಿಡಿ. 150 ಗ್ರೇನ್ ಗುಂಡು ಅಷ್ಟೇ ಜಾಸ್ತಿ ವೇಗದಲ್ಲಿ ಹೋಗುತ್ತದೆ, ಮದ್ದು ಕಡಿಮೆ ಇರುವುದಿಲ್ಲ, ಭುಜಕ್ಕೆ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ. ನಿಜವಾಗಿ ಇಳಿಯುವುದು ಕಾರ್ಖಾನೆಯೇ ಕಡಿಮೆ ಒದೆತಕ್ಕೆ ಅಂತ ಮಾಡಿ ಪೆಟ್ಟಿಗೆಯ ಮೇಲೆ ಬರೆದ ತೋಟಾದಲ್ಲಿ. ಸಿಕ್ಕರೆ ಅಭ್ಯಾಸಕ್ಕೆ ಬಹಳ ಒಳ್ಳೆಯದು.

ತೋಟಾ ತಾವೇ ತುಂಬಿಕೊಳ್ಳುವವರು ಅಲ್ಲಿ ತುಂಬಾ ಜನ ಇದ್ದಾರೆ. ಅದು ಬೇರೆಯೇ ವಿದ್ಯೆ, ಪುಸ್ತಕ ಮತ್ತು ಗುರು ಎರಡೂ ಬೇಕು, ಮೊದಲ ಬೇಟೆಯ ವರ್ಷ ಅದಕ್ಕೆ ಕೈ ಹಾಕಬೇಡಿ. ಗೆಳೆಯರು ಪ್ರೀತಿಯಿಂದ ತಮ್ಮ ಕೈಯಾರೆ ತುಂಬಿದ ತೋಟಾ ಕೊಟ್ಟರೂ ನಿಮ್ಮ ರೈಫಲ್‌ನಲ್ಲಿ ಹೊಡೆಯಬೇಡಿ. ಅವರ ರೈಫಲ್‌ಗೆ ಸರಿಯಾಗಿದ್ದು ನಿಮ್ಮದರಲ್ಲಿ ಅಪಾಯದ ಒತ್ತಡಕ್ಕೆ ಏರಬಹುದು.

ಮೂರು ಬಗೆಯ ತೋಟಾ ಒಂದೊಂದು ಪೆಟ್ಟಿಗೆ ತನ್ನಿ. ನಿಮ್ಮ ನಳಿಗೆಗೆ ಯಾವುದು ಒಗ್ಗುತ್ತದೆ ಅಂತ ನೋಡಿದ ಮೇಲೆ ಅದೇ ಲಾಟ್ ಸಂಖ್ಯೆಯ (ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ) ಇನ್ನೂ ಕೆಲವು ಪೆಟ್ಟಿಗೆ ಕೊಂಡಿಡಿ.

ಗುಂಡಿಲ್ಲದೆ ಅಭ್ಯಾಸ

ನಿಜವಾದ ಕಲಿಕೆ ನಡೆಯುವುದು ಇಲ್ಲಿ, ಮನೆಯೊಳಗೆ, ಸದ್ದಿಲ್ಲದೆ. ತೋಟಾಗಳೆಲ್ಲ ಬೇರೆ ಕೋಣೆಯಲ್ಲಿ ಇರಲಿ. ರೈಫಲ್ ಖಾಲಿ ಅಂತ ಎರಡು ಸಲ ನೋಡಿ, ಡಮ್ಮಿ (ಮದ್ದಿಲ್ಲದ ನಕಲಿ) ತೋಟಾ ಹಾಕಿ, ಗುಂಡು ಹಾರಿದರೂ ತಡೆಯುವಂಥ ಗಟ್ಟಿ ಗೋಡೆಯ ಮೇಲಿನ ಒಂದು ಚುಕ್ಕಿಗೆ ಗುರಿಯಿಡಿ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ. ಟ್ರಿಗರ್ ನಿಧಾನವಾಗಿ, ಯಾವಾಗ ಬಿಡುತ್ತದೆ ಅಂತ ನಿಮಗೇ ಗೊತ್ತಾಗದ ಹಾಗೆ ಒತ್ತಿ. ಟಿಕ್ ಅಂದ ಮೇಲೂ ಚುಕ್ಕಿಯ ಮೇಲೇ ಕಣ್ಣಿರಲಿ, ಬೆರಳು ಹಿಂದೆಯೇ ಇರಲಿ. ಕ್ರಾಸ್‌ಹೇರ್ (ಸ್ಕೋಪ್‌ನೊಳಗೆ ಕಾಣುವ ಅಡ್ಡ-ಉದ್ದ ಗೆರೆ) ಅಲ್ಲಾಡಿತಾ? ಎತ್ತ ಕಡೆಗೆ? ದಿನಾ ಹತ್ತು ನಿಮಿಷ ಸಾಕು.

ಇದರ ಜೊತೆ .22 ರೈಫಲ್ ಒಂದು ಇದ್ದರೆ ಬಹಳ ಉಪಕಾರ. ಒದೆತ ಇಲ್ಲವೇ ಇಲ್ಲ ಅನ್ನಬಹುದು, ಗುಂಡೂ ಅಗ್ಗ. ನಿಂತು, ಕೂತು, ಮಂಡಿಯೂರಿ ಹೊಡೆಯುವ ಅಭ್ಯಾಸವೆಲ್ಲ ಅದರಲ್ಲೇ ಮಾಡಿ. ನೂರು ಗುಂಡು .22ರಲ್ಲಿ ಹೊಡೆದರೆ ಮ್ಯಾಗ್ನಮ್‌ನಲ್ಲಿ ಐದು ಹೊಡೆಯುವುದು ಸರಿಯಾದ ಅಳತೆ ಅಂತ ನನಗನಿಸುತ್ತದೆ.

ರೇಂಜ್‌ನಲ್ಲಿ ಮೊದಲ ದಿನ

ಕಿವಿಗೆ ಎರಡು ಪದರ. ಒಳಗೆ ಫೋಮ್ ಪ್ಲಗ್, ಹೊರಗೆ ಮಫ್. ಭಯದಲ್ಲಿ ಅರ್ಧ ಪಾಲು ಸದ್ದಿನದ್ದೇ, ಕಿವಿ ಪೂರ್ತಿ ಮುಚ್ಚಿದರೆ ಅದೇ ರೈಫಲ್ ಮೆತ್ತಗಾದ ಹಾಗೆ ಅನಿಸುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಭುಜಕ್ಕೆ ಜಾಕೆಟ್ ಒಳಗೆ ಕಟ್ಟುವ ಪ್ಯಾಡ್ ಸಿಗುತ್ತದೆ, ಹಾಕಿಕೊಳ್ಳಿ. ಬೆಂಚ್ ಮೇಲೆ (ರೈಫಲ್ ಆನಿಸಿ ಕೂತು ಹೊಡೆಯುವ ಮೇಜಿನಲ್ಲಿ) ಇದನ್ನು ಹಾಕಿದರೆ ನಾಚಿಕೆ ಏನೂ ಇಲ್ಲ, ಅಲ್ಲಿರುವ ಹಳಬರೆಲ್ಲ ಹಾಕುತ್ತಾರೆ.

ಬೆಂಚ್‌ನಲ್ಲಿ ಮುಂದೆ ಬಾಗಿ ಹರಡಿಕೊಂಡು ಕೂರಬೇಡಿ. ಹಾಗೆ ಕೂತರೆ ಮೈ ಹಿಂದೆ ಸರಿಯಲು ಜಾಗವೇ ಇರುವುದಿಲ್ಲ, ಪೂರ್ತಿ ಒದೆತ ಕಾಲರ್ ಬೋನ್‌ಗೆ (ಭುಜದ ಮುಂದಿನ ಕೊರಳೆಲುಬಿಗೆ) ಬೀಳುತ್ತದೆ. ರೈಫಲ್ ಆನಿಸುವ ರೆಸ್ಟ್ ಎತ್ತರ ಮಾಡಿ, ಬೆನ್ನು ನೇರ ಇಟ್ಟು ಕೂರಿ. ಮುಂದಿನ ಮರಳುಚೀಲ ಸ್ಟಾಕ್‌ನ ಕೆಳಗೆ ಇರಲಿ, ನಳಿಗೆಯ ಕೆಳಗಲ್ಲ. ಭಾರದ ರೈಫಲ್‌ಗಳಲ್ಲಿ ಎಡಗೈಯನ್ನು ಹಿಂದಿನ ಚೀಲದ ಹತ್ತಿರ ಇಡುತ್ತಾರೆ. ಹಗುರ ಮ್ಯಾಗ್ನಮ್‌ಗೆ ಅದು ಸರಿಹೋಗುವುದಿಲ್ಲ. ಎಡಗೈಯಿಂದ ಮುಂಭಾಗ ಹಿಡಿದಿರಿ, ಇಲ್ಲದಿದ್ದರೆ ರೈಫಲ್ ಚೀಲದ ಮೇಲಿಂದ ಹಾರಿ ಪ್ರತಿ ಸಲ ಬೇರೆ ಬೇರೆ ಕಡೆ ಗುಂಡು ಹಾಕುತ್ತದೆ. ಪ್ರತಿ ಸಲ ಒಂದೇ ಬಿಗಿಯಲ್ಲಿ ಭುಜಕ್ಕೆ ಒತ್ತಿ ಹಿಡಿಯಿರಿ. ಸಡಿಲ ಹಿಡಿದರೆ ರೈಫಲ್ ಓಡಿ ಬಂದು ಗುದ್ದುತ್ತದೆ.

ಮೊದಲು 25 ಗಜ. ಬೋಲ್ಟ್ ತೆಗೆದು ನಳಿಗೆಯೊಳಗಿಂದ ಗುರಿ ನೋಡಿ, ರೈಫಲ್ ಅಲ್ಲಾಡಿಸದೆ ಕ್ರಾಸ್‌ಹೇರ್ ಅದೇ ಗುರಿಗೆ ತನ್ನಿ. ಒಂದು ಗುಂಡು ಹೊಡೆಯಿರಿ. ಹೆಚ್ಚಿನ ಸ್ಕೋಪ್‌ಗಳಲ್ಲಿ ಸರಿಹೊಂದಿಸುವ ತಿರುಪಿನ ಒಂದು ಕ್ಲಿಕ್‌ಗೆ ಗುಂಡು ಬೀಳುವ ಜಾಗ 100 ಗಜದಲ್ಲಿ ಕಾಲು ಇಂಚು ಸರಿಯುತ್ತದೆ. 25 ಗಜದಲ್ಲಿ ಅದರ ಕಾಲು ಭಾಗ ಮಾತ್ರ, ಅಂದರೆ ಒಂದು ಇಂಚು ಸರಿಸಲು 16 ಕ್ಲಿಕ್ ಬೇಕು. ಹೀಗೆ ಲೆಕ್ಕ ಹಾಕಿ ಸರಿಸಿದರೆ ಎರಡು ಮೂರು ಗುಂಡಿನಲ್ಲಿ ಮುಗಿಯುತ್ತದೆ, ಆಮೇಲೆ 100 ಗಜಕ್ಕೆ ಹೋಗಿ.

100 ಗಜದಲ್ಲಿ ಮೂರು ಮೂರು ಗುಂಡಿನ ಗುಂಪು. ಹಗುರ ರೈಫಲ್‌ನ ನಳಿಗೆ ಪೆನ್ಸಿಲ್‌ನಂತೆ ತೆಳುವಾಗಿರುತ್ತದೆ, ಮೂರು ಗುಂಡಿಗೇ ಕಾದು ನಾಲ್ಕನೆಯದು ಬೇರೆ ಕಡೆ ಹೋಗುತ್ತದೆ. ಅದನ್ನು ನೋಡಿ ರೈಫಲ್ ಕೆಟ್ಟದ್ದು ಅಂತ ತೀರ್ಮಾನಿಸುವವರು ಬಹಳ. ಬೋಲ್ಟ್ ತೆರೆದಿಟ್ಟು ಕಾಲು ಗಂಟೆ ಬಿಡಿ, ಮುಟ್ಟಿದರೆ ತಣ್ಣಗೆ ಅನಿಸಬೇಕು. ಆ ಹೊತ್ತಿನಲ್ಲಿ ನಿಮ್ಮ ಭುಜಕ್ಕೂ ವಿರಾಮ. ಎಲ್ಕ್‌ಗೆ ಹೊಡೆಯುವುದು ತಣ್ಣನೆಯ ನಳಿಗೆಯ ಮೊದಲ ಗುಂಡು, ಆದ್ದರಿಂದ ಪ್ರತಿ ಸಲ ರೇಂಜ್‌ಗೆ ಹೋದಾಗ ಆ ಮೊದಲ ಗುಂಡು ಎಲ್ಲಿ ಬಿತ್ತು ಅಂತ ಬೇರೆಯಾಗಿ ಬರೆದಿಡಿ. ಕೊನೆಯಲ್ಲಿ ನೀವು ನಂಬಬೇಕಾದ್ದು ಆ ಪಟ್ಟಿಯನ್ನೇ.

ಒಂದು ದಿನಕ್ಕೆ 15 ಗುಂಡು ದಾಟಬೇಡಿ. ಮೈ ಅದಕ್ಕಿಂತ ಮುಂಚೆ ಸಾಕು ಅಂದರೆ ಅಲ್ಲಿಗೇ ನಿಲ್ಲಿಸಿ, ಪೆಟ್ಟಿಗೆಯಲ್ಲಿ ಇನ್ನೂ ಉಳಿದಿದೆ ಅಂತ ಮುಂದುವರಿಸಬೇಡಿ.

ಭಯ ಹುಟ್ಟಿದೆಯಾ ಅಂತ ಪರೀಕ್ಷೆ ಮಾಡಲು ಒಂದು ಒಳ್ಳೆಯ ಉಪಾಯ ಇದೆ. ಜೊತೆಗಾರರೊಬ್ಬರು ನಿಮಗೆ ಕಾಣದ ಹಾಗೆ ತೋಟಾ ಹಾಕಿ ಕೊಡಲಿ, ಕೆಲವೊಮ್ಮೆ ನಿಜವಾದದ್ದು, ಕೆಲವೊಮ್ಮೆ ಡಮ್ಮಿ. ನೀವು ಪ್ರತಿ ಸಲ ನಿಜವಾದದ್ದೇ ಅಂದುಕೊಂಡು ಹೊಡೆಯಿರಿ. ಡಮ್ಮಿ ಬಂದಾಗ ರೈಫಲ್ ನಿಶ್ಚಲವಾಗಿ ಟಿಕ್ ಅಂದರೆ ಸರಿ. ನಳಿಗೆ ಮುಂದಕ್ಕೆ ಬಾಗಿತು, ಕಣ್ಣು ಮುಚ್ಚಿತು ಅಂದರೆ ಆ ದಿನಕ್ಕೆ ಮ್ಯಾಗ್ನಮ್ ಮುಗಿಯಿತು, .22 ತೆಗೆದುಕೊಳ್ಳಿ. ಟಿಕ್ ಅಂದ ಪ್ರತಿ ಸಲವೂ ನಳಿಗೆ ಗುರಿಯ ಕಡೆಗೇ ಇಟ್ಟು 30 ಸೆಕೆಂಡ್ ಕಾಯಿರಿ. ಒಳಗಿರುವುದು ತಡವಾಗಿ ಹೊತ್ತಿಕೊಳ್ಳುವ ನಿಜವಾದ ತೋಟಾ ಆಗಿರಲೂಬಹುದು.

ಗುಂಪು ಇದ್ದಕ್ಕಿದ್ದಂತೆ ಚದುರಿದರೆ ಮೊದಲು ಸ್ಕ್ರೂಗಳನ್ನು ನೋಡಿ, ಬೇಸ್, ರಿಂಗ್, ಆ್ಯಕ್ಷನ್ ಮೂರೂ. ಅವು ಬಿಗಿ ಇದ್ದರೆ ನಳಿಗೆ ಸ್ಟಾಕ್‌ಗೆ ತಾಗುತ್ತಿದೆಯಾ ನೋಡಿ, ನಡುವೆ ಕಾಗದದ ಹಾಳೆ ಸರಾಗ ಓಡಬೇಕು. ಅದೂ ಸರಿಯಿದ್ದರೆ ಡಮ್ಮಿ ಪರೀಕ್ಷೆ ಮತ್ತೆ ಮಾಡಿ. ಹೆಚ್ಚಿನ ಸಲ ಉತ್ತರ ಅಲ್ಲೇ ಸಿಗುತ್ತದೆ.

ಕೊನೆಗೆ ರೈಫಲ್ 200 ಗಜಕ್ಕೆ ಸರಿಮಾಡಿ, ಅಂದರೆ ಆ ದೂರದಲ್ಲಿ ಗುರಿಯಿಟ್ಟಲ್ಲೇ ಗುಂಡು ಬೀಳಲಿ. 180 ಗ್ರೇನ್ ತೋಟಾ ಆಗ 100 ಗಜದಲ್ಲಿ ಸುಮಾರು ಒಂದೂವರೆ ಇಂಚು ಮೇಲೆ, 300ರಲ್ಲಿ ಆರೂವರೆ ಇಂಚಿನಷ್ಟು ಕೆಳಗೆ ಬೀಳುತ್ತದೆ. 400ರಲ್ಲಿ ಒಂದೂವರೆ ಅಡಿಗಿಂತ ಜಾಸ್ತಿ ಕೆಳಗೆ. ಇದು ಅಂದಾಜು, ನಿಮ್ಮ ರೈಫಲ್‌ನದ್ದು ನೀವೇ ಹೊಡೆದು ತಿಳಿಯಬೇಕು.

ಬೆಂಚ್ ಬಿಟ್ಟು ಏಳಿ

ಸ್ಕೋಪ್ ಸರಿಯಾದ ಮೇಲೆ ಬೆಂಚ್‌ನ ಕೆಲಸ ಮುಗಿಯಿತು. ಬೆಟ್ಟದಲ್ಲಿ ಬೆಂಚ್ ಇರುವುದಿಲ್ಲ. ಕೂತು ಮೊಣಕೈಗಳನ್ನು ಮಂಡಿಯ ಒಳಬದಿಗೆ ಕೊಟ್ಟು ಹೊಡೆಯಿರಿ. ಬೆನ್ನುಚೀಲದ ಮೇಲೆ ಇಟ್ಟು ಹೊಡೆಯಿರಿ. ನಡೆಯುವ ಕೋಲು ಎರಡನ್ನು ಅಡ್ಡ ಹಿಡಿದು ಅದರ ಮೇಲೆ ಇಟ್ಟು ಹೊಡೆಯಿರಿ. ಈ ಭಂಗಿಗಳಲ್ಲಿ ಮೈ ಒದೆತದ ಜೊತೆ ಹೋಗುವುದರಿಂದ ಭುಜಕ್ಕೆ ಬೆಂಚ್‌ಗಿಂತ ಎಷ್ಟೋ ಹಿತ. ಬೋರಲು ಮಲಗುವುದೊಂದು ಬೇರೆ. ಅಲ್ಲಿ ಮೈ ರೈಫಲ್‌ನ ಹಿಂದೆ ನೇರವಾಗಿ ಇರಬೇಕು, ಓರೆಯಾಗಿ ಮಲಗಿದರೆ ಒದೆತ ಕಾಲರ್ ಬೋನ್ ಹುಡುಕಿಕೊಂಡು ಬರುತ್ತದೆ.

ಊಟದ ತಟ್ಟೆಯಷ್ಟು, ಒಂಬತ್ತು ಇಂಚಿನ ಕಾಗದದ ವೃತ್ತ ಕತ್ತರಿಸಿ ಗುರಿಯಾಗಿ ಇಡಿ. ಎಲ್ಕ್‌ನ ಎದೆಯಲ್ಲಿ ನೀವು ತಾಗಿಸಲೇಬೇಕಾದ ಜಾಗ ಅಷ್ಟು ಅಂತ ಇಟ್ಟುಕೊಳ್ಳಿ. ಸ್ವಲ್ಪ ಓಡಿ ಬಂದು, ಏದುಸಿರಿನಲ್ಲೇ, ತಣ್ಣನೆಯ ನಳಿಗೆಯಿಂದ ಒಂದು ಗುಂಡು. ಎಷ್ಟು ದೂರದವರೆಗೆ ಅದು ಪ್ರತಿ ಸಲವೂ ವೃತ್ತದೊಳಗೆ ಬೀಳುತ್ತದೋ ಅದೇ ನಿಮ್ಮ ಗಡಿ. ತೋಟಾದ ಶಕ್ತಿ 500 ಗಜಕ್ಕೂ ಸಾಲಬಹುದು. ನಿಮ್ಮ ಗಡಿ 200 ಅಂತ ಬಂದರೆ 200ರಲ್ಲೇ ನಿಲ್ಲಿ, ಹತ್ತಿರ ಹೋಗುವುದನ್ನು ಕಲಿಯಿರಿ.

ಇಷ್ಟೆಲ್ಲ ಮಾಡಿದ ಮೇಲೂ ಪ್ರತಿ ಗುಂಡಿಗೂ ಮೈ ಬಿಗಿಯುತ್ತಿದ್ದರೆ ಆ ರೈಫಲ್ ಮಾರಿ. ಇದನ್ನು ಪೂರ್ತಿ ಮನಸ್ಸಿನಿಂದ ಹೇಳುತ್ತೇನೆ. ಏಳೂವರೆ ಪೌಂಡಿನ .308 ಅಥವಾ 7ಎಂಎಂ-08 ತೆಗೆದುಕೊಳ್ಳಿ. ಒಳ್ಳೆಯ ಗುಂಡು, ಸರಿಯಾದ ಜಾಗ, ಮಿತಿಯ ದೂರ ಇದ್ದರೆ ಅವೂ ಎಲ್ಕ್‌ಗೆ ಸಾಕು. ಮ್ಯಾಗ್ನಮ್‌ನಿಂದ ಹೊಟ್ಟೆಗೆ ತಾಗಿದ ಎಲ್ಕ್ ಗಂಟೆಗಟ್ಟಲೆ ನರಳುತ್ತದೆ. ನಮ್ಮ ಹಟಕ್ಕೆ ಅದು ಯಾಕೆ ಬೆಲೆ ಕೊಡಬೇಕು?

ಹೊರಡುವ ವಾರ

ಎಲ್ಲ ಸ್ಕ್ರೂಗಳನ್ನು ಟಾರ್ಕ್ ಡ್ರೈವರ್‌ನಿಂದ ಮತ್ತೊಮ್ಮೆ ನೋಡಿ. ಸ್ಕ್ರೂ ತಲೆಯಿಂದ ಬೇಸ್‌ವರೆಗೆ ಬಣ್ಣದ ಪೆನ್ನಿನಲ್ಲಿ ಒಂದು ಗೆರೆ ಎಳೆದರೆ ಮುಂದೆ ತಿರುಗಿದರೆ ತಕ್ಷಣ ಗೊತ್ತಾಗುತ್ತದೆ. ವಿಮಾನದಲ್ಲಿ ಒಯ್ಯುವುದಾದರೆ ರೈಫಲ್ ಖಾಲಿ ಇರಬೇಕು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ ಚೆಕ್-ಇನ್ ಲಗೇಜ್ ಆಗಿ ಹೋಗಬೇಕು, ಕೌಂಟರ್‌ನಲ್ಲಿ ಹೇಳಲೇಬೇಕು. ತೋಟಾಗೆ ಹೆಚ್ಚಿನ ವಿಮಾನ ಕಂಪನಿಗಳ ಮಿತಿ 11 ಪೌಂಡ್, ಅಂದರೆ 5 ಕಿಲೋ.

ಬೆಟ್ಟದ ಊರು ತಲುಪಿದ ಮೇಲೆ, ಲಗೇಜ್ ಎಷ್ಟು ಹುಷಾರಾಗಿ ಬಂದಿದ್ದರೂ, ಅಲ್ಲಿನ ರೇಂಜ್‌ನಲ್ಲಿ 100 ಗಜಕ್ಕೆ ಒಂದು ಗುಂಡು ಹೊಡೆದು ನೋಡಿ. ಪಟ್ಟಿಯಲ್ಲಿ ಬರೆದಿಟ್ಟ ಜಾಗದಲ್ಲೇ ಬಿದ್ದರೆ ಇನ್ನೊಂದು ಹೊಡೆಯುವುದು ಬೇಡ. ಬೇರೆ ಕಡೆ ಬಿದ್ದರೆ ಮೂರು ಗುಂಡಿನ ಗುಂಪು ಹೊಡೆದು ಸ್ಕೋಪ್ ಸರಿಮಾಡಿ. ನಳಿಗೆಯ ಬಾಯಿಗೆ ಎಲೆಕ್ಟ್ರಿಕಲ್ ಟೇಪ್ ಒಂದು ತುಂಡು ಅಂಟಿಸಿ, ಹಿಮ ಮತ್ತು ಮಣ್ಣು ಒಳಗೆ ಹೋಗದಿರಲಿ. ಬಿದ್ದು ಎದ್ದರೆ ಆ ಟೇಪ್ ಹರಿದಿದೆಯಾ ಅಂತ ನೋಡಿ. ಹರಿದಿದ್ದರೆ ರೈಫಲ್ ಖಾಲಿ ಮಾಡಿ, ಬೋಲ್ಟ್ ತೆಗೆದು, ನಳಿಗೆಯ ಈ ತುದಿಯಿಂದ ಆ ತುದಿಗೆ ಬೆಳಕು ಕಾಣುತ್ತದಾ ಅಂತ ನೋಡಿದ ಮೇಲೆಯೇ ಮತ್ತೆ ತೋಟಾ ಹಾಕಿ.